ಎಪ್ಪತ್ತು ದಾಟಿದ ಅಜ್ಜ, ಏದುಸಿರು ಬಿಟ್ಟ ಕೋಚ್

ನಮ್ಮೂರಲ್ಲಿ ದೊಡ್ಡವರು ಯಾರಾದ್ರೂ ರಸ್ತೆ ಮೇಲೆ ಓಡ್ತಾ ಇದ್ದಾರೆ ಅಂದ್ರೆ ಏನೋ ಅನಾಹುತ ಆಗಿದೆ ಅಂತಲೇ ಅರ್ಥ. ಹಸು ಹಗ್ಗ ಕಿತ್ಕೊಂಡು ಯಾರದೋ ರಾಗಿ ಹೊಲಕ್ಕೆ ನುಗ್ಗಿರಬೇಕು, ಇಲ್ಲಾಂದ್ರೆ ತಿಪಟೂರಿಗೆ ಹೋಗೋ ಏಳೂವರೆ ಬಸ್ಸು ತಿರುವಿನಲ್ಲಿ ಕಾಣಿಸಿರಬೇಕು. ಸುಮ್‌ಸುಮ್ನೆ ಓಡಿದ್ರೆ "ಯಾಕ್ಲಾ, ನಾಯಿ ಅಟ್ಟಿಸ್ಕೊಂಡು ಬಂತಾ?" ಅಂತ ಅರಳಿಕಟ್ಟೆಯಿಂದ ಪ್ರಶ್ನೆ ಬರುತ್ತೆ.

ಇದಕ್ಕೆ ವಿನಾಯಿತಿ ಇರೋದು ಒಂದೇ ಗುಂಪಿಗೆ. ಪೊಲೀಸ್ ಸೆಲೆಕ್ಷನ್ನಿಗೆ ತಯಾರಾಗೋ ಹುಡುಗರು. ಬೆಳಗಿನ ಜಾವ ಐದಕ್ಕೆ ತೋಟದ ರಸ್ತೆಯಲ್ಲಿ ನಾಲ್ಕೈದು ಜನ ಬರಿಗಾಲಲ್ಲೋ, ಅಣ್ಣನ ಹಳೇ ಶೂನಲ್ಲೋ ಹಲ್ಲು ಕಚ್ಚಿಕೊಂಡು ಓಡ್ತಾರೆ. ಕಾನ್‌ಸ್ಟೇಬಲ್ ಆಗಬೇಕಾದ್ರೆ 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಅವರ ಪಾಲಿಗೆ ಓಟ ಅಂದ್ರೆ ಅಷ್ಟೇ, ಒಂದು ಪರೀಕ್ಷೆ. ಪಾಸಾದವನು ಮಾರನೇ ದಿನದಿಂದ ಓಡಲ್ಲ, ಫೇಲಾದವನೂ ಓಡಲ್ಲ.

ನಾನು ಬಿ.ಇ. ಸೇರಿದ್ದರಿಂದ ಆ ಗುಂಪಿಗೆ ಸೇರಲಿಲ್ಲ. ಆದರೆ ಓಟ ಅಂದ್ರೆ ಹಲ್ಲು ಕಚ್ಚಿಕೊಂಡು ಮಾಡೋ ಕೆಲಸ ಅನ್ನೋದು ಮಾತ್ರ ತಲೆಯಲ್ಲಿ ಉಳಿದುಬಿಟ್ಟಿತ್ತು. ಮೂವತ್ಮೂರನೇ ವಯಸ್ಸಿನಲ್ಲಿ ಆಫೀಸಿನ ಹೆಲ್ತ್ ಚೆಕಪ್ಪಿನಲ್ಲಿ ಸಕ್ಕರೆ ಗಡಿ ಮುಟ್ಟಿದೆ ಅಂತ ಬಂತು. ಡಾಕ್ಟರು "ನಡೀರಿ, ಓಡಿ, ಏನಾದ್ರೂ ಮಾಡಿ" ಅಂದ್ರು. ಹೊಸ ಶೂ ಬಂತು. ಮೊದಲ ದಿನವೇ ನಮ್ಮ ಲೇಔಟಿನ ಪಾರ್ಕಿನಲ್ಲಿ, ಯಾರೋ ಸ್ಟಾಪ್‌ವಾಚ್ ಹಿಡಿದು ನಿಂತಿದ್ದಾರೇನೋ ಅನ್ನೋ ಹಾಗೆ ಓಡಿದೆ. ಒಂದೂವರೆ ಸುತ್ತಿಗೆ ಪಕ್ಕೆ ಹಿಡೀತು. ಕಲ್ಲುಬೆಂಚಿನ ಮೇಲೆ ಕೂತು ಕಣ್ಣುಕತ್ತಲೆ ಹೋಗೋವರೆಗೂ ಕಾದೆ. ಲಾಫಿಂಗ್ ಕ್ಲಬ್ಬಿನ ಹಿರಿಯರೊಬ್ಬರು ನಗೋದು ನಿಲ್ಲಿಸಿ ನೀರು ಕೊಟ್ಟರು. ಎರಡು ವಾರ ಹೀಗೇ ಹಟ ಮಾಡಿದ್ದಕ್ಕೆ ಮೊಣಕಾಲ ಕೆಳಗಿನ ಮೂಳೆಯಲ್ಲಿ ನೋವು ಶುರುವಾಯ್ತು. ಶೂ ರ್‍ಯಾಕ್ ಸೇರಿತು. ಎಂಟು ತಿಂಗಳು ಅಲ್ಲೇ ಇತ್ತು.

ಆ ಎಂಟು ತಿಂಗಳಲ್ಲಿ ಓಡೋದರ ಬದಲು ಓಟದ ಬಗ್ಗೆ ಓದಿದೆ. (ನಮ್ಮ ವೃತ್ತಿಯವರ ಕಾಯಿಲೆ ಇದು, ಮಾಡಬೇಕಾದ ಕೆಲಸದ ಡಾಕ್ಯುಮೆಂಟೇಷನ್ ಓದ್ತಾ ಕೂರೋದು.) ಹಾಗೆ ಓದುವಾಗ ಗೊತ್ತಾದ ಸಂಗತಿ ಇಷ್ಟು: ಓಟ ಮನುಷ್ಯನಷ್ಟೇ ಹಳೆಯದಿರಬಹುದು, ಆದರೆ ಓಡಲು ಬಾರದವರು ಆರೋಗ್ಯಕ್ಕಾಗಿ, ಗುಂಪು ಕಟ್ಟಿಕೊಂಡು, ನಿಧಾನಕ್ಕೆ ಓಡಬಹುದು ಅನ್ನೋ ಚಳವಳಿಗೆ ಸುಮಾರು ಅರವತ್ತು ವರ್ಷ. ಅದಕ್ಕೊಂದು ಊರಿದೆ. ಅದನ್ನು ಹುಟ್ಟುಹಾಕಿದವರಲ್ಲಿ ಮುಖ್ಯನಾದವನು ಡಾಕ್ಟರಲ್ಲ, ಪ್ರೊಫೆಸರಲ್ಲ. ಶೂ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಒಬ್ಬ ಆಸಾಮಿ.

*

ಅವನ ಕಥೆಗೆ ಹೋಗೋ ಮುಂಚೆ ಆ ಕಾಲ ಹೇಗಿತ್ತು ಅಂತ ನೋಡಬೇಕು. 1940ರ ದಶಕದವರೆಗೂ ಹೃದಯಾಘಾತ ಆದವರಿಗೆ ಕೊಡುತ್ತಿದ್ದ ಮುಖ್ಯ ಚಿಕಿತ್ಸೆ ಹಾಸಿಗೆ. ವಾರಗಟ್ಟಲೆ ಅಲ್ಲಾಡದೆ ಮಲಗಿಸೋರು. ಗಾಯಗೊಂಡ ಹೃದಯಕ್ಕೆ ಕೆಲಸ ಕೊಟ್ಟರೆ ಒಡೆದುಹೋಗುತ್ತೆ ಅನ್ನೋ ಭಯ. ಏನೂ ಆಗದ ನಲವತ್ತು ದಾಟಿದ ಗಂಡಸರಿಗೂ ಮೈ ದಣಿಸಬೇಡಿ ಅನ್ನೋದೇ ಸಭ್ಯ ಸಲಹೆ. ಓಟ ಏನಿದ್ದರೂ ಗೆಲ್ಲುವವರ ಸೊತ್ತು. ನಮ್ಮ ಬೆಳಗಾವಿ ಕಡೆಯ ಫಡೆಪ್ಪ ದರೆಪ್ಪ ಚೌಗುಲೆ 1920ರ ಆಂಟ್ವರ್ಪ್ ಒಲಿಂಪಿಕ್ಸ್ ಮ್ಯಾರಥಾನ್ ಓಡಿ 19ನೆಯವರಾಗಿ ಮುಗಿಸಿದ್ದರು. ಅಂಥವರನ್ನು ರಸ್ತೆ ಬದಿ ನಿಂತು ನೋಡಿ ಚಪ್ಪಾಳೆ ಹೊಡೀಬಹುದಿತ್ತು. ಅವರ ಹಿಂದೆ ತಾನೂ ನಾಲ್ಕು ಹೆಜ್ಜೆ ಹಾಕಬಹುದು ಅಂತ ಗುಮಾಸ್ತನಿಗೋ ಮೇಷ್ಟ್ರಿಗೋ ಅನ್ನಿಸುತ್ತಿರಲಿಲ್ಲ.

ಈ ನಂಬಿಕೆಗೆ ಮೊದಲ ಬಿರುಕು ಬಿಟ್ಟಿದ್ದು ಬಸ್ಸಿನಲ್ಲಿ. ಲಂಡನ್ನಿನ ಜೆರ್ರಿ ಮಾರಿಸ್ ಅನ್ನೋ ವೈದ್ಯ ವಿಜ್ಞಾನಿ ಅಲ್ಲಿನ ಡಬಲ್ ಡೆಕ್ಕರ್ ಬಸ್ಸಿನ ಡ್ರೈವರು, ಕಂಡಕ್ಟರುಗಳ ಆರೋಗ್ಯದ ಲೆಕ್ಕ ಕಲೆಹಾಕಿದರು. ಇಬ್ಬರೂ ಒಂದೇ ಬಸ್ಸು, ಒಂದೇ ಹೊಗೆ, ಹೆಚ್ಚುಕಡಿಮೆ ಒಂದೇ ಥರದ ಮನೆತನ. ಆದರೆ ಡ್ರೈವರು ಇಡೀ ದಿನ ಕೂತೇ ಇರುತ್ತಾನೆ, ಕಂಡಕ್ಟರು ಟಿಕೆಟ್ ಕೊಡೋಕೆ ಪಾಳಿಯಲ್ಲಿ ನೂರಾರು ಮೆಟ್ಟಿಲು ಹತ್ತಿಳಿಯುತ್ತಾನೆ. 1953ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಹೃದಯಾಘಾತ ಡ್ರೈವರುಗಳಿಗೇ ಹೆಚ್ಚು, ಕಂಡಕ್ಟರುಗಳಿಗೆ ಎಷ್ಟೋ ಕಡಿಮೆ. ಸೈಕಲ್ ತುಳಿದು ಕಾಗದ ಹಂಚೋ ಅಂಚೆಯವರನ್ನೂ ಕುರ್ಚಿಯಲ್ಲಿ ಕೂತ ಅಂಚೆ ಗುಮಾಸ್ತರನ್ನೂ ಹೋಲಿಸಿದಾಗಲೂ ಅದೇ ಕಥೆ. ಆಮೇಲೆ ಮಾರಿಸ್ ತಂಡ ಬಸ್ ಸಿಬ್ಬಂದಿಯ ಯೂನಿಫಾರ್ಮ್ ಪ್ಯಾಂಟಿನ ಸೊಂಟದ ಅಳತೆಯನ್ನೂ ಬಿಡಲಿಲ್ಲ. ಡ್ರೈವರುಗಳ ಸೊಂಟವೇ ದಪ್ಪ! ದಿನಕ್ಕೆ ಒಂಬತ್ತು ಗಂಟೆ ಕುರ್ಚಿಗೆ ಅಂಟಿಕೊಂಡಿರೋ ನಾನು, ನೀವು ಆ ಬಸ್ಸಿನಲ್ಲಿ ಎಲ್ಲಿ ಕೂತಿದ್ದೇವೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮಾರಿಸ್ ಮಾತ್ರ ತಮ್ಮ ಲೆಕ್ಕವನ್ನು ತಾವೇ ನಂಬಿದರು. ತಪ್ಪದೆ ವ್ಯಾಯಾಮ ಮಾಡಿಕೊಂಡು 99 ವರ್ಷ ಬದುಕಿದರು.

ಸರಿ, ಮೈ ಆಡಿಸಬೇಕು ಅಂತ ಗೊತ್ತಾಯ್ತು. ಎಷ್ಟು? ಹೇಗೆ? ಲ್ಯಾನ್ಸೆಟ್ಟಿನಲ್ಲಿ ಅದು ಬರೆದಿರಲಿಲ್ಲ.

*

ಈಗ ನ್ಯೂಜಿಲೆಂಡಿಗೆ ಹೋಗೋಣ. ಆರ್ಥರ್ ಲಿಡಿಯಾರ್ಡ್ ಹುಟ್ಟಿದ್ದು 1917ರಲ್ಲಿ, ಆಕ್ಲೆಂಡಿನಲ್ಲಿ. ಹೊಟ್ಟೆಪಾಡಿಗೆ ಶೂ ಕಾರ್ಖಾನೆ ಕೆಲಸ, ಅದು ಸಾಲದಾದಾಗ ಬೆಳಗಿನ ಜಾವ ಮನೆಮನೆಗೆ ಹಾಲು ಹಾಕುವ ಕೆಲಸ. ಹುಡುಗನಾಗಿದ್ದಾಗ ರಗ್ಬಿ ಆಡುತ್ತಿದ್ದವನಾದ್ದರಿಂದ ತಾನು ಗಟ್ಟಿಮುಟ್ಟಾಗಿದ್ದೇನೆ ಅನ್ನೋ ಭ್ರಮೆ ಇತ್ತು. ಇಪ್ಪತ್ತೇಳರ ಸುಮಾರಿಗೆ ಓಟದ ಕ್ಲಬ್ಬಿನ ಹಿರಿಯನೊಬ್ಬ "ಬಾ, ಐದು ಮೈಲಿ ಓಡೋಣ" ಅಂತ ಕರೆದುಕೊಂಡು ಹೋದ. ಲಿಡಿಯಾರ್ಡ್ ಸತ್ತೇ ಹೋಗ್ತೀನಿ ಅಂದುಕೊಂಡ. ಮನೆಗೆ ಬಂದ ಮೇಲೆ ಅವನನ್ನು ಕಾಡಿದ್ದು ಇಪ್ಪತ್ತೇಳಕ್ಕೇ ಹೀಗಾದರೆ ನಲವತ್ತೇಳಕ್ಕೆ ಹೇಗೆ ಅನ್ನೋ ಪ್ರಶ್ನೆ. ಲೇಔಟಿನ ಕಲ್ಲುಬೆಂಚಿನ ಮೇಲೆ ನಾನೂ ಇದೇ ಪ್ರಶ್ನೆ ಕೇಳಿಕೊಂಡಿದ್ದೆ. ವ್ಯತ್ಯಾಸ ಏನಪ್ಪಾ ಅಂದ್ರೆ, ನಾನು ಶೂ ಬಿಚ್ಚಿಟ್ಟೆ, ಅವನು ಮಾರನೇ ದಿನ ಮತ್ತೆ ಹೊರಟ.

ಆ ಕಾಲದ ತರಬೇತಿ ಅಂದ್ರೆ ಮೈದಾನದಲ್ಲಿ ಸುತ್ತು ಹೊಡೆಯೋದು, ವೇಗ, ವೇಗ, ಇನ್ನೂ ವೇಗ. ಲಿಡಿಯಾರ್ಡ್ ತನ್ನ ಮೈಯನ್ನೇ ಪ್ರಯೋಗಶಾಲೆ ಮಾಡಿಕೊಂಡ. ವರ್ಷಗಟ್ಟಲೆ, ಕೆಲಸದ ಹಿಂದೆಮುಂದೆ, ಬೇರೆ ಬೇರೆ ದೂರ ಓಡಿ ನೋಡಿದ. ಅತಿಯಾದಾಗ ಮೈ ಕುಸಿಯಿತು, ಕಡಿಮೆಯಾದಾಗ ಏನೂ ಆಗಲಿಲ್ಲ. ಕೊನೆಗೆ ವಾರಕ್ಕೆ 100 ಮೈಲಿ, ಅಂದ್ರೆ 160 ಕಿಲೋಮೀಟರ್, ಉಸಿರು ಕಟ್ಟದ ಹದದಲ್ಲಿ ಓಡೋದು ಸರಿ ಅಂತ ಕಂಡುಕೊಂಡ. ಮೊದಲು ಹೃದಯಕ್ಕೂ ಕಾಲಿಗೂ ದೀರ್ಘಕಾಲ ಅಡಿಪಾಯ ಹಾಕು, ವೇಗ ಕೊನೆಯ ಕೆಲವು ವಾರಗಳ ಮಾತು. ಈ ಪ್ರಯೋಗದ ಮಧ್ಯೆ ತಾನೇ ನ್ಯೂಜಿಲೆಂಡಿನ ಮ್ಯಾರಥಾನ್ ಚಾಂಪಿಯನ್ನೂ ಆದ.

ಅಕ್ಕಪಕ್ಕದ ಬೀದಿಯ ಹುಡುಗರು ಅವನ ಹಿಂದೆ ಓಡೋಕೆ ಶುರು ಮಾಡಿದರು. ಭಾನುವಾರ ವೈಟಾಕೆರೆ ಗುಡ್ಡಗಳ ಏರಿಳಿತದಲ್ಲಿ 22 ಮೈಲಿಯ ಸುತ್ತು, ಎಲ್ಲರಿಗೂ ಕಡ್ಡಾಯ. ಮೈದಾನದಲ್ಲಿ ಎರಡೇ ಸುತ್ತು ಓಡೋ 800 ಮೀಟರಿನವನಿಗೂ ಕಡ್ಡಾಯ. ಪಂಡಿತರು ನಕ್ಕರು. 1960ರ ಸೆಪ್ಟೆಂಬರ್ 2ರಂದು ರೋಮ್ ಒಲಿಂಪಿಕ್ಸಿನಲ್ಲಿ ಪೀಟರ್ ಸ್ನೆಲ್ 800 ಮೀಟರ್ ಗೆದ್ದ. ಅದಾಗಿ ಒಂದು ಗಂಟೆಯೊಳಗೆ ಮರ್ರೆ ಹಾಲ್‌ಬರ್ಗ್ 5000 ಮೀಟರ್ ಗೆದ್ದ. ರಗ್ಬಿ ಆಟದಲ್ಲಿ ಪೆಟ್ಟಾಗಿ ಎಡಗೈ ಸೊರಗಿಹೋಗಿದ್ದ ಹುಡುಗ ಅವನು. ಕೆಲವು ದಿನ ಕಳೆದು ಮ್ಯಾರಥಾನಿನಲ್ಲಿ ಬ್ಯಾರಿ ಮ್ಯಾಗಿಗೆ ಕಂಚು. 25 ಲಕ್ಷ ಜನವೂ ಇಲ್ಲದ ದೇಶ, ಬೀದಿಯ ಹುಡುಗರು, ಶೂ ಹೊಲಿಯುವ ಕೋಚು. ಜಗತ್ತು ನಗೋದು ನಿಲ್ಲಿಸಿತು.

ಚರಿತ್ರೆ ಬರೆಯೋರು ಸಾಮಾನ್ಯವಾಗಿ ಲಿಡಿಯಾರ್ಡನನ್ನು ಇಲ್ಲಿಗೆ ಬಿಟ್ಟುಬಿಡುತ್ತಾರೆ. ನನಗೆ ಆಸಕ್ತಿ ಇರೋದು ಆಮೇಲಿನ ಕಥೆಯಲ್ಲಿ.

ಒಲಿಂಪಿಕ್ಸಿನ ನಂತರ ಹೆಸರು ಬಂದಿದ್ದರಿಂದ ಆಕ್ಲೆಂಡಿನ ವ್ಯಾಪಾರಸ್ಥರ ಕೂಟಗಳು ಅವನನ್ನು ಭಾಷಣಕ್ಕೆ ಕರೆದವು. ಎದುರಿಗೆ ಕೂತವರು ಹೊಟ್ಟೆ ಬಂದ, ಸಿಗರೇಟು ಸೇದುವ, ಕೆಲವರಂತೂ ಅದಾಗಲೇ ಹೃದಯಾಘಾತ ಆಗಿದ್ದ ಗಂಡಸರು. ಚಾಂಪಿಯನ್ನರಿಗೆ ಕೊಟ್ಟ ಔಷಧಿಯನ್ನೇ ಇವರಿಗೆ ಹನಿ ಹನಿಯಾಗಿ ಯಾಕೆ ಕೊಡಬಾರದು ಅನ್ನೋದು ಲಿಡಿಯಾರ್ಡನ ತರ್ಕ. ಆಮೇಲೆ ಊರಿನ ಮೇಯರ್ ಆದ ಕಾಲಿನ್ ಕೇ ಅವನ ಜೊತೆಗೂಡಿದ. 1962ರ ಹೊತ್ತಿಗೆ ಆಕ್ಲೆಂಡ್ ಜಾಗರ್ಸ್ ಕ್ಲಬ್ ಹುಟ್ಟಿತು. ಪೂರ್ತಿ ಹರಿಕಾರರಿಗಾಗಿಯೇ ಕಟ್ಟಿದ ಓಟದ ಕ್ಲಬ್ಬು.

ಅಲ್ಲಿನ ನಿಯಮ ಕೇಳಿದರೆ ನಗು ಬರುತ್ತೆ. ಓಡುವಾಗ ಪಕ್ಕದವನ ಜೊತೆ ಮಾತಾಡೋಕೆ ಆಗಬೇಕು. ಮಾತು ತುಂಡಾಗ್ತಾ ಇದ್ರೆ ನಿಧಾನ ಮಾಡು. ಇನ್ನೂ ಆಗಲ್ವಾ, ನಡಿ. ಉಸಿರು ಬಂತಾ, ಮತ್ತೆ ಓಡು. ಗಡಿಯಾರ ಇಲ್ಲ, ನಂಬರ್ ಇಲ್ಲ, ಗೆದ್ದವನಿಲ್ಲ. ಹೊರಗೆ ಇದ್ದು ವಾಪಸ್ ಬಂದರೆ ಸಾಕು. ಇವತ್ತು ನನ್ನ ಮಣಿಕಟ್ಟಿನ ವಾಚು ಎದೆಬಡಿತ ಅಳೆದು ಹೇಳೋ "ಸುಲಭ ವಲಯ" ಅನ್ನೋದನ್ನು ಆ ಜನ ಹರಟೆ ಹೊಡೆದು ಅಳೆಯುತ್ತಿದ್ದರು. ವಾಚಿಗೆ ಕೊಟ್ಟ ಹದಿನೆಂಟು ಸಾವಿರ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ.

*

ಅದೇ ವರ್ಷ ಡಿಸೆಂಬರಿನಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಕೋಚ್ ಬಿಲ್ ಬೋವರ್‌ಮನ್ ನ್ಯೂಜಿಲೆಂಡಿಗೆ ಬಂದ. ಅವನ ಹುಡುಗರು ಆ ವರ್ಷವೇ ನಾಲ್ಕು ಮೈಲಿಯ ರಿಲೇಯಲ್ಲಿ ನ್ಯೂಜಿಲೆಂಡಿನವರ ವಿಶ್ವದಾಖಲೆ ಮುರಿದಿದ್ದರು. ದಾಖಲೆ ಕಳೆದುಕೊಂಡವರ ಜೊತೆ ಪಂದ್ಯ ಆಡೋಕೆ ಬಂದ ಪ್ರವಾಸ ಅದು. ಬೋವರ್‌ಮನ್ ಸೈನ್ಯದಲ್ಲಿ ಇದ್ದವನು, ಶಿಸ್ತಿನ ಮನುಷ್ಯ. ವಯಸ್ಸು 51. ದಿನವೂ ಮೈದಾನದಲ್ಲಿ ನಿಂತು ಬೇರೆಯವರನ್ನು ಓಡಿಸುವವನು, ಹಾಗಾಗಿ ತಾನೂ ಫಿಟ್ ಅಂತ ಅವನ ಲೆಕ್ಕ.

ಭಾನುವಾರ ಬೆಳಿಗ್ಗೆ ಲಿಡಿಯಾರ್ಡ್ ಅವನನ್ನು ಜಾಗರ್ಸ್ ಕ್ಲಬ್ಬಿನವರ ಜೊತೆ ಓಡೋಕೆ ಕರೆದ. ಪಾರ್ಕಿನ ತುಂಬ ಗಂಡಸರು, ಹೆಂಗಸರು, ಮಕ್ಕಳು, ಮುದುಕರು. ಬೋವರ್‌ಮನ್ ಅವರನ್ನು ನೋಡಿ ಹಗುರವಾಗಿ ಎಣಿಸಿದ. ಅರ್ಧ ಮೈಲಿ ಸಮತಟ್ಟು ಜಾಗ, ಪರವಾಗಿರಲಿಲ್ಲ. ಆಮೇಲೆ ಗುಡ್ಡ ಬಂತು. ಗುಂಪು ಹರಟುತ್ತಾ ಮುಂದೆ ಹೋಯ್ತು, ಇವನಿಗೆ ಉಸಿರೇ ಇಲ್ಲ. ಆಗ ಆ್ಯಂಡ್ರ್ಯೂ ಸ್ಟೀಡ್‌ಮನ್ ಅನ್ನೋ ಅಜ್ಜ ಗುಂಪು ಬಿಟ್ಟು ಹಿಂದೆ ಬಂದು ಇವನ ಜೊತೆ ಸೇರಿಕೊಂಡ. ಎಪ್ಪತ್ತು ದಾಟಿದ ವಯಸ್ಸು, ಹೃದಯಾಘಾತ ಕಂಡು ಬದುಕಿದ ಜೀವ. ಒಳದಾರಿ ಗೊತ್ತಿದ್ದ ಅಜ್ಜ ಅಮೆರಿಕದ ಹೆಸರಾಂತ ಕೋಚನ್ನು ಮೆಲ್ಲಗೆ ನಡೆಸಿಕೊಂಡು, ಮಾತಾಡಿಸಿಕೊಂಡು ವಾಪಸ್ ಕರೆತಂದ. ಬೋವರ್‌ಮನ್ನನಿಗೆ ಉತ್ತರ ಕೊಡೋಕೂ ಉಸಿರಿರಲಿಲ್ಲ.

ನನಗೆ ಈ ಇಡೀ ಚರಿತ್ರೆಯಲ್ಲಿ ಅತಿ ಇಷ್ಟದ ಮನುಷ್ಯ ಈ ಸ್ಟೀಡ್‌ಮನ್. ಒಲಿಂಪಿಕ್ಸ್ ಇಲ್ಲ, ಪದಕ ಇಲ್ಲ. ಗುಂಪಿನ ಜೊತೆ ಹೋಗೋ ಶಕ್ತಿ ಇದ್ದೂ ಹಿಂದೆ ಬಿದ್ದವನಿಗೋಸ್ಕರ ನಿಧಾನ ಮಾಡಿದ. ಅವಮಾನ ಆಗದ ಹಾಗೆ ಮಾತಾಡಿಸಿದ. ಅವನು ಆವತ್ತು ತನ್ನ ಪಾಡಿಗೆ ಗುಡ್ಡ ಹತ್ತಿ ಹೋಗಿದ್ದಿದ್ದರೆ ಬೋವರ್‌ಮನ್ ನಾಚಿಕೆಯಿಂದ ಹೋಟೆಲ್ ಸೇರಿಕೊಂಡು, ಪಂದ್ಯ ಮುಗಿಸಿಕೊಂಡು ಊರಿಗೆ ಹೋಗಿರುತ್ತಿದ್ದನೋ ಏನೋ. ಹಾಗಾಗಲಿಲ್ಲ. ನ್ಯೂಜಿಲೆಂಡಿನಲ್ಲಿ ಉಳಿದ ಆರು ವಾರವೂ ದಿನಾ ಓಡಿದ. ಮನೆಗೆ ಹೋದಾಗ ಸೊಂಟ ಸಣ್ಣಗಾಗಿತ್ತು.

1963ರ ಆರಂಭದಲ್ಲಿ ತನ್ನೂರು ಯೂಜೀನಿಗೆ ಮರಳಿದವನೇ ಸ್ಥಳೀಯ ಪತ್ರಿಕೆಯವರಿಗೆ ಈ ಕಥೆ ಹೇಳಿದ. ಬರೋರು ಬನ್ನಿ, ಹೇವರ್ಡ್ ಫೀಲ್ಡಿನಲ್ಲಿ ಸೇರೋಣ ಅಂದ. ಮೊದಲ ಸಲ ಬಂದವರು ಕೆಲವೇ ಜನ. ಮುಂದಿನ ವಾರ ಇನ್ನಷ್ಟು. ತಿಂಗಳೊಳಗೆ ಸಾವಿರಗಟ್ಟಲೆ ಜನ ಮೈದಾನ ತುಂಬಿಬಿಟ್ಟರು. ಬೋವರ್‌ಮನ್ನನಿಗೆ ಖುಷಿಗಿಂತ ಹೆಚ್ಚು ಗಾಬರಿ. ಇಷ್ಟು ಜನರಲ್ಲಿ ಯಾರಾದ್ರೂ ಎದೆ ಹಿಡ್ಕೊಂಡು ಬಿದ್ದರೆ? ಅವರನ್ನೆಲ್ಲ ಮನೆಗೆ ಕಳಿಸಿದ. ಇಲ್ಲಿ ಅವನ ಶಿಸ್ತು ಕೆಲಸಕ್ಕೆ ಬಂತು. ವಾಲ್ಡೋ ಹ್ಯಾರಿಸ್ ಅನ್ನೋ ಹೃದಯ ತಜ್ಞರನ್ನು ಸೇರಿಸಿಕೊಂಡು, ಸಣ್ಣ ಗುಂಪುಗಳನ್ನು ಮಾಡಿ, ವೈದ್ಯಕೀಯ ತಪಾಸಣೆ ಮಾಡಿಸಿ, ಯಾರಿಗೆ ಎಷ್ಟು ಓಟ ಎಷ್ಟು ನಡಿಗೆ ಅಂತ ವಾರವಾರವೂ ಬರೆದಿಟ್ಟ. ಇಷ್ಟು ಗಜ ಮೆಲ್ಲಗೆ ಓಡು, ಇಷ್ಟು ಗಜ ನಡಿ, ಒಂದು ದಿನ ಕಷ್ಟ, ಮಾರನೇ ದಿನ ಸುಲಭ. 1967ರಲ್ಲಿ ಇಬ್ಬರೂ ಸೇರಿ ಅದನ್ನು 'ಜಾಗಿಂಗ್' ಅನ್ನೋ ಹೆಸರಿನ ಸಣ್ಣ ಪುಸ್ತಕ ಮಾಡಿದರು. ಹತ್ತು ಲಕ್ಷ ಪ್ರತಿ ದಾಟಿತು. (ಇದೇ ಬೋವರ್‌ಮನ್ 1964ರಲ್ಲಿ ತನ್ನ ಹಳೇ ಶಿಷ್ಯ ಫಿಲ್ ನೈಟ್ ಜೊತೆ ಶೂ ವ್ಯಾಪಾರ ಶುರು ಮಾಡಿದ್ದ. ಅದೇ ಮುಂದೆ ನೈಕಿ ಆಯ್ತು. ಅದು ನಿಮಗೆಲ್ಲ ಗೊತ್ತಿರೋ ಕಥೆ, ಬಿಡಿ.)

ಆಗಲೂ ರಸ್ತೆಯಲ್ಲಿ ಓಡೋರನ್ನು ಜನ ವಿಚಿತ್ರವಾಗಿಯೇ ನೋಡುತ್ತಿದ್ದರು. 1968ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ರಸ್ತೆ ಮೇಲೆ ಓಡ್ತಾ ಇದ್ದ 65ರ ಒಬ್ಬರನ್ನು ಪೊಲೀಸರು ಅನುಮಾನದಿಂದ ತಡೆದು ನಿಲ್ಲಿಸಿದ್ದರು. ವಿಚಾರಿಸಿದರೆ ಅವರು ಆ ರಾಜ್ಯದ ಸೆನೆಟರ್ ಸ್ಟ್ರಾಮ್ ಥರ್ಮಂಡ್! ನಮ್ಮೂರ ಅರಳಿಕಟ್ಟೆಯವರು ಅಷ್ಟೇನೂ ಹಿಂದುಳಿದಿಲ್ಲ ಅಂತ ಆವತ್ತು ಸಮಾಧಾನ ಆಯ್ತು ನನಗೆ. ಅದೇ ವರ್ಷ ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 'ಏರೋಬಿಕ್ಸ್' ಪುಸ್ತಕ ತಂದರು. ಬ್ರೆಜಿಲಿನಲ್ಲಿ ಅದರ ಪ್ರಭಾವ ಎಷ್ಟಾಯ್ತು ಅಂದ್ರೆ ಅಲ್ಲಿನವರು ಜಾಗಿಂಗ್ ಹೋಗೋದಕ್ಕೆ "ಕೂಪರ್ ಮಾಡೋದು" ಅಂತಲೇ ಹೇಳೋಕೆ ಶುರು ಮಾಡಿದರು.

*

ಇಷ್ಟು ಹೊತ್ತು ಬರೀ ಗಂಡಸರ ಕಥೆ ಹೇಳಿದೆ ಅಂತ ಅನ್ನಿಸಿದರೆ ನಿಮ್ಮ ಅನುಮಾನ ಸರಿ. ಹೆಣ್ಣುಮಕ್ಕಳಿಗೆ ಓಟ ಶುರು ಮಾಡೋದಕ್ಕಿಂತ ಮೊದಲು ಅನುಮತಿ ಬೇಕಿತ್ತು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಮೊದಲ ಸಲ ಮಹಿಳೆಯರ 800 ಮೀಟರ್ ಇಟ್ಟರು. ಫೈನಲ್ಲಿನಲ್ಲಿ ಓಡಿದ ಒಂಬತ್ತು ಜನವೂ ಮುಗಿಸಿದರು, ಗೆದ್ದ ಲೀನಾ ರಾಡ್ಕೆ ವಿಶ್ವದಾಖಲೆ ಮಾಡಿದರು. ಪತ್ರಿಕೆಗಳು ಮಾತ್ರ ಹೆಂಗಸರು ಸಾಲುಸಾಲಾಗಿ ಕುಸಿದುಬಿದ್ದರು ಅಂತ ಬರೆದವು. ಗಂಡಸರು ಓಟ ಮುಗಿಸಿ ನೆಲಕ್ಕೆ ಬಿದ್ದರೆ ಅದು ವೀರಾವೇಶ, ಹೆಂಗಸರು ಬಿದ್ದರೆ ಅನಾರೋಗ್ಯ. ಆ ಓಟವನ್ನೇ ಒಲಿಂಪಿಕ್ಸಿನಿಂದ ತೆಗೆದುಹಾಕಿದರು. ವಾಪಸ್ ಬಂದಿದ್ದು 32 ವರ್ಷ ಕಳೆದು, 1960ರಲ್ಲಿ, ಲಿಡಿಯಾರ್ಡನ ಹುಡುಗರು ಗೆದ್ದ ಅದೇ ರೋಮಿನಲ್ಲಿ.

1966ರಲ್ಲಿ ಬಾಬಿ ಗಿಬ್ ಬೋಸ್ಟನ್ ಮ್ಯಾರಥಾನಿಗೆ ಅರ್ಜಿ ಹಾಕಿದಾಗ ಹೆಂಗಸರ ದೇಹಕ್ಕೆ ಅಷ್ಟು ದೂರ ಆಗೋದಿಲ್ಲ ಅಂತ ಉತ್ತರ ಬಂತು. ಆಕೆ ತಮ್ಮನ ಚಡ್ಡಿ ಹಾಕಿಕೊಂಡು, ಟೋಪಿ ಇರೋ ಅಂಗಿಯೊಳಗೆ ಮುಖ ಮರೆಸಿಕೊಂಡು, ಆರಂಭದ ಗೆರೆ ಹತ್ತಿರದ ಪೊದೆಯಲ್ಲಿ ಅಡಗಿ ಕೂತು, ಗುಂಪು ಹೊರಟ ಮೇಲೆ ಸೇರಿಕೊಂಡರು. 3 ಗಂಟೆ 21 ನಿಮಿಷದಲ್ಲಿ ಮುಗಿಸಿದರು. ಓಡಿದ ಗಂಡಸರಲ್ಲಿ ಬಹಳಷ್ಟು ಜನ ಅವರ ಹಿಂದಿದ್ದರು. ಮುಂದಿನ ವರ್ಷ ಕ್ಯಾಥರೀನ್ ಸ್ವಿಟ್ಜರ್ 261 ನಂಬರ್ ಚೀಟಿ ಹಚ್ಚಿಕೊಂಡು ಓಡುವಾಗ ಅಧಿಕಾರಿಯೊಬ್ಬ ಎಳೆದಾಡಿದ ಫೋಟೋ ನೀವು ನೋಡಿರ್ತೀರಿ. ಬೋಸ್ಟನ್ ಅಧಿಕೃತವಾಗಿ ಬಾಗಿಲು ತೆರೆದಿದ್ದು 1972ರಲ್ಲಿ. ಇವತ್ತು ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಭಾನುವಾರ ಬೆಳಿಗ್ಗೆ ಸಲ್ವಾರಿನಲ್ಲಿ, ಕೆಲವರು ಸೀರೆಯಲ್ಲೂ, ಕ್ಯಾನ್ವಾಸ್ ಶೂ ಹಾಕಿಕೊಂಡು ಹೆಜ್ಜೆ ಹಾಕೋ ಅಮ್ಮಂದಿರನ್ನು ನೋಡಿದಾಗ ನನಗೆ ಆ ಪೊದೆ ನೆನಪಾಗುತ್ತೆ.

*

ಓಟದ ಬಗ್ಗೆ ಯಾರಿಗಾದ್ರೂ ಹೇಳಿ ನೋಡಿ, ಐದು ನಿಮಿಷದೊಳಗೆ ಒಬ್ಬರು "ಓಡ್ತಾ ಓಡ್ತಾನೇ ಸತ್ತೋದ್ರಂತಲ್ಲ" ಅಂತ ಶುರು ಮಾಡ್ತಾರೆ. ಅದನ್ನೂ ಹೇಳಿಬಿಡಬೇಕು. ಜಿಮ್ ಫಿಕ್ಸ್ ಅನ್ನೋ ಪತ್ರಿಕಾ ಸಂಪಾದಕ 35ನೇ ವಯಸ್ಸಿನಲ್ಲಿ ಓಟ ಶುರು ಮಾಡಿದಾಗ 97 ಕಿಲೋ ಇದ್ದ, ದಿನಕ್ಕೆ ಎರಡು ಪ್ಯಾಕ್ ಸಿಗರೇಟು ಸೇದುತ್ತಿದ್ದ. ಎರಡನ್ನೂ ಇಳಿಸಿದ, ಸಿಗರೇಟನ್ನಂತೂ ಪೂರ್ತಿ ಬಿಟ್ಟ. 1977ರಲ್ಲಿ ಅವನು ಬರೆದ ಓಟದ ಪುಸ್ತಕ ಅಮೆರಿಕವನ್ನೇ ರಸ್ತೆಗಿಳಿಸಿತು. 1984ರ ಜುಲೈ 20ರಂದು ವರ್ಮಾಂಟಿನ ರಸ್ತೆಯೊಂದರಲ್ಲಿ, ಓಡುತ್ತಿದ್ದಾಗ ಹೃದಯಾಘಾತವಾಗಿ ತೀರಿಕೊಂಡ. ವಯಸ್ಸು 52. ಓಡದವರಿಗೆಲ್ಲ ಹಬ್ಬ!

ಆದರೆ ಪೂರ್ತಿ ಕಥೆ ಬೇರೆ. ಫಿಕ್ಸ್‌ನ ತಂದೆಗೆ 35ಕ್ಕೇ ಹೃದಯಾಘಾತವಾಗಿತ್ತು, 43ಕ್ಕೆ ಜೀವ ಹೋಗಿತ್ತು. ಮಗ ಅದಕ್ಕಿಂತ ಒಂಬತ್ತು ವರ್ಷ ಹೆಚ್ಚು ಬದುಕಿದ. ಮರಣೋತ್ತರ ಪರೀಕ್ಷೆಯಲ್ಲಿ ಹೃದಯದ ರಕ್ತನಾಳಗಳು ಗಂಭೀರವಾಗಿ ಕಟ್ಟಿಕೊಂಡಿದ್ದು ಕಂಡಿತು. ಅವನ ತಪ್ಪು ಓಡಿದ್ದಲ್ಲ. ಓಡ್ತೀನಲ್ಲ, ನನಗೇನಾಗುತ್ತೆ ಅಂದುಕೊಂಡು ಪರೀಕ್ಷೆ ಮಾಡಿಸಿಕೊಳ್ಳದೇ ಇದ್ದದ್ದು. ಬೋವರ್‌ಮನ್ ಆ ಸಾವಿರ ಜನರನ್ನು ಮನೆಗೆ ಕಳಿಸಿ ಮೊದಲು ಡಾಕ್ಟರನ್ನು ಹುಡುಕಿದ್ದು ಯಾಕೆ ಅಂತ ಇಲ್ಲಿ ಅರ್ಥವಾಗುತ್ತೆ. ಮನೆಯಲ್ಲಿ ಹೃದಯದ ಕಾಯಿಲೆಯ ಇತಿಹಾಸ ಇದ್ದರೆ, ನಲವತ್ತು ದಾಟಿದ್ದರೆ, ಶೂ ಕೊಳ್ಳೋ ಮುಂಚೆ ಒಮ್ಮೆ ಡಾಕ್ಟರ ಹತ್ತಿರ ಹೋಗಿ ಬನ್ನಿ. ಅದೇನೂ ಹೇಡಿತನವಲ್ಲ.

ಲಿಡಿಯಾರ್ಡನ ಹನಿ ಔಷಧಿ ನಮ್ಮ ಕಾಲಕ್ಕೆ ಬಂದು ತಲುಪಿದ್ದು ನಮ್ಮ ಥರದವನೊಬ್ಬನಿಂದಲೇ. 1996ರಲ್ಲಿ ಜಾಷ್ ಕ್ಲಾರ್ಕ್ ಅನ್ನೋ ಅಮೆರಿಕದ ಯುವಕ, ಮುಂದೆ ವೆಬ್ ಡಿಸೈನ್ ಕ್ಷೇತ್ರದಲ್ಲಿ ಹೆಸರು ಮಾಡಿದವನು, ತನ್ನ ಅಮ್ಮನಂಥವರು ಓಡುವಂತಾಗಲಿ ಅಂತ ಒಂಬತ್ತು ವಾರದ ಪಟ್ಟಿ ಮಾಡಿ ಇಂಟರ್ನೆಟ್ಟಿಗೆ ಹಾಕಿದ. ಸೋಫಾದಿಂದ ಐದು ಕಿಲೋಮೀಟರಿಗೆ ಅನ್ನೋ ಹೆಸರು. ವಾರಕ್ಕೆ ಮೂರೇ ದಿನ. ಮೊದಲ ವಾರ ಐದು ನಿಮಿಷ ನಡೆದು, ಆಮೇಲೆ 60 ಸೆಕೆಂಡ್ ಮೆಲ್ಲಗೆ ಓಡು, 90 ಸೆಕೆಂಡ್ ನಡಿ. ಹೀಗೇ ಇಪ್ಪತ್ತು ನಿಮಿಷ. ಮುಗೀತು, ಮನೆಗೆ ಹೋಗು. ಓಟಕ್ಕಿಂತ ನಡಿಗೆಯೇ ಜಾಸ್ತಿ! 2004ರಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ ಗಾಯದಿಂದ ಓಡಲಾಗದೆ ಕೂತಿದ್ದ ಪಾಲ್ ಸಿಂಟನ್ ಹ್ಯೂವಿಟ್ 13 ಜನರನ್ನು ಸೇರಿಸಿ ಶನಿವಾರದ ಉಚಿತ ಓಟ ಶುರು ಮಾಡಿದ. ಅದು ಪಾರ್ಕ್‌ರನ್ ಆಗಿ ಹಲವು ದೇಶಗಳಿಗೆ ಹರಡಿತು. ಈಗ ಅಲ್ಲಿ ಎಲ್ಲರಿಗಿಂತ ಹಿಂದೆ ನಡೆಯೋಕೇ ಒಬ್ಬ ಸ್ವಯಂಸೇವಕ ಇರ್ತಾನೆ, ಬಂದವರಲ್ಲಿ ಯಾರೂ ಕೊನೆಯವರಾಗಬಾರದು ಅಂತ. ಸ್ಟೀಡ್‌ಮನ್ ಅಜ್ಜನ ಕೆಲಸಕ್ಕೆ ಕೊನೆಗೂ ಒಂದು ಹುದ್ದೆ ಸಿಕ್ಕಿತು.

ನಮ್ಮ ಬೆಂಗಳೂರಿನ ದೊಡ್ಡ ಹತ್ತು ಕಿಲೋಮೀಟರ್ ಓಟ 2008ರಲ್ಲಿ ಶುರುವಾಯ್ತು. ಅದರಲ್ಲೂ ಗೆಲ್ಲೋಕೆ ಓಡೋರು ಬೆರಳೆಣಿಕೆ, ಮುಗಿಸೋಕೆ ಓಡೋರು ಸಾವಿರಾರು.

*

ನಾನು ಶೂ ಕೆಳಗಿಳಿಸಿದ್ದು ಸ್ಟೀಡ್‌ಮನ್ ಬಗ್ಗೆ ಓದಿದ ವಾರ. ಅರವತ್ತು ಸೆಕೆಂಡ್ ಓಟ, ತೊಂಬತ್ತು ಸೆಕೆಂಡ್ ನಡಿಗೆ. ಮೊದಮೊದಲು ನಡೆಯೋಕೆ ನಾಚಿಕೆ ಆಗೋದು. ಯಾರಾದ್ರೂ ಎದುರು ಬಂದರೆ ಲೇಸ್ ಕಟ್ಟೋ ನಾಟಕ ಮಾಡ್ತಿದ್ದೆ. ಮಾತಿನ ಪರೀಕ್ಷೆಗೆ ಜೊತೆ ಯಾರೂ ಇಲ್ಲದ್ದರಿಂದ ಒಂದರಿಂದ ಹದಿನೈದರ ಮಗ್ಗಿ ಹೇಳಿಕೊಂಡು ಓಡ್ತಿದ್ದೆ. ಹದಿಮೂರರ ಮಗ್ಗಿಯಲ್ಲಿ ತಡವರಿಸಿದರೆ ಅದು ಉಸಿರಿನ ತಪ್ಪೋ ಲೆಕ್ಕದ ತಪ್ಪೋ ಗೊತ್ತಾಗ್ತಿರಲಿಲ್ಲ. ಒಂಬತ್ತು ವಾರದ್ದು ನನಗೆ ಹದಿನಾರು ವಾರ ಹಿಡೀತು. ಮೂಳೆ ನೋವು ಮತ್ತೆ ಬರಲಿಲ್ಲ.

ಅದಾಗಿ ಒಂದು ವರ್ಷಕ್ಕೆ ಊರಲ್ಲಿ ಅಪ್ಪನಿಗೆ ಹೃದಯಾಘಾತ ಆಯ್ತು. ಸ್ಟೆಂಟ್ ಹಾಕಿದರು. ಮನೆಗೆ ಕಳಿಸುವಾಗ ಡಾಕ್ಟರು ದಿನಾ ನಡೀಬೇಕು, ಮೊದಲು ಐದು ನಿಮಿಷ, ಮೆಲ್ಲಗೆ ಜಾಸ್ತಿ ಮಾಡಿ ಅಂತ ಬರೆದೇ ಕೊಟ್ಟಿದ್ದರು. ಹದಿನೈದು ದಿನ ಬಿಟ್ಟು ನಾನು ಊರಿಗೆ ಹೋದಾಗ ಅಪ್ಪ ನಡುಮನೆಯಲ್ಲಿ ಮಂಚದ ಮೇಲೆ ಮಲಗಿದ್ದರು. ನೋಡೋಕೆ ಬಂದವರೆಲ್ಲ "ಎದ್ದೇಳಬೇಡ ಗೌಡಾ, ಮಲಕ್ಕೋ" ಅನ್ನೋರು. ದೊಡ್ಡತ್ತೆಯಂತೂ ನೀರಿನ ಲೋಟವನ್ನೂ ಎತ್ತೋಕೆ ಬಿಡ್ತಿರಲಿಲ್ಲ. ಎಲ್ಲರದ್ದೂ ಪ್ರೀತಿಯೇ. 1940ರ ಆಸ್ಪತ್ರೆಯೊಂದು ನಮ್ಮ ನಡುಮನೆಯಲ್ಲಿ ಹಾಗೇ ಉಳಿದುಕೊಂಡಿತ್ತು.

ಡಾಕ್ಟರಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಅತ್ತೆಗೂ ಕೇಳಿಸಿದೆ. ಮೊದಲ ದಿನ ಹಟ್ಟಿ ಬಾಗಿಲಿಂದ ಹುಣಸೆಮರದವರೆಗೆ ಹೋಗಿ ಬಂದೆವು. ನಾನು ಪ್ರತಿ ಶನಿವಾರ ಊರಿಗೆ ಹೋಗ್ತಿದ್ದೆ, ಉಳಿದ ದಿನ ಅಮ್ಮನ ಕಾವಲು. ನಾಲ್ಕು ತಿಂಗಳಿಗೆ ಕೆರೆ ಏರಿ ಮುಟ್ಟಿದೆವು. ಅಪ್ಪ ಹವಾಯಿ ಚಪ್ಪಲಿ ಬಿಟ್ಟು ಶೂ ಹಾಕೋಕೆ ಒಪ್ಪಿದ್ದು ಆಮೇಲೆ, ಅದೂ ನನ್ನ ಹಳೇ ಜೋಡಿ ಸುಮ್ನೆ ವೇಸ್ಟ್ ಆಗುತ್ತಲ್ಲ ಅಂತ.

ಹೋದ ಶನಿವಾರ ಏರಿ ಮೇಲೆ ಅಪ್ಪ ನಡೀತಾ ಇದ್ದರು, ನಾನು ಅವರ ಪಕ್ಕದಲ್ಲೇ ಅದೇ ವೇಗಕ್ಕೆ ಕುಪ್ಪಳಿಸ್ತಾ ಇದ್ದೆ. ಸೆಲೆಕ್ಷನ್ ಹುಡುಗರು ಎದುರಿಗೆ ಹಲ್ಲು ಕಚ್ಚಿಕೊಂಡು ಬಂದು ಹಾದುಹೋದರು. ಅಪ್ಪ ಕೊಬ್ಬರಿ ರೇಟು, ಬೋರ್‌ವೆಲ್ ಮೋಟರು, ಪಕ್ಕದ ತೋಟದವನು ಬದು ಒತ್ತಿದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳ್ತಾ ಇದ್ದರು. ಒಂದು ಕಡೆಯೂ ಮಾತು ತುಂಡಾಗಲಿಲ್ಲ. ಏರಿಯ ಕೊನೆಯ ತೂಬಿನ ಹತ್ತಿರ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಲ್ಲಾ ಕಣೋ, ಇದನ್ನ ಓಡೋದು ಅಂತಾರಾ?" ಅಂದರು.